ಇಪ್ಪತ್ತೊಂದು ಗಂಟಿನ ಕೌದಿ

ಗದಗಿನ ನೀಲಾಂಬಿಕಾ ಟೀಚರ್‌ಗೆ ಯಾರ ಮೇಲೂ ನಂಬಿಕೆ ಇಲ್ಲ... ಹಾಲಿನವನು, ತರಕಾರಿಯವಳು, ಎಲ್ಲರೂ ಕಳ್ಳರೇ!

ಬಟ್ಟೆ ಚೂರು ಜೋಡಿಸಿ ಹೊದೆಯಲು ಕೌದಿ ಹೊಲಿಯುವ ಮುದುಕಿ ತುಳಜವ್ವ ಮನೆಗೆ ಬಂದ ದಿನ ಸ್ಕೂಲಿಗೆ ಲೇಟಾಗಿತ್ತು. ಟ್ರಂಕಿನ ಹಳೇ ಬಟ್ಟೆಯನ್ನೆಲ್ಲ ನೋಡದೆಯೇ ಅವಳ ಮುಂದೆ ಸುರಿದರು.

"ಎಲ್ಲಾ ಕತ್ತರಿಸು. ನನ್ನ ಏನೂ ಕೇಳಬ್ಯಾಡ."

ಮರುದಿನ ಟೀಚರ್‌ಗೆ ನೆನಪಾಯಿತು... ತೀರಿಹೋದ ಅವ್ವನ ಹಸಿರು ಇಳಕಲ್ ಸೀರೆ ಅದೇ ಟ್ರಂಕಿನಲ್ಲಿತ್ತು! ಅವ್ವನದು ಅಂತ ಉಳಿದಿದ್ದು ಅದೊಂದೇ.

ಕೌದಿಯಲ್ಲಿ ಹಸಿರಿಲ್ಲ. ಕತ್ತರಿಸಿದ ಚೂರುಗಳಲ್ಲೂ ಇಲ್ಲ.

ಕದ್ದಿದ್ದಾಳೆ... ಖಂಡಿತ!

ಟೀಚರ್ ರಜೆ ಹಾಕಿ ಕಾವಲು ಕೂತರು. ಕೌದಿ ತುಂಬ ಸಣ್ಣ ಹೊಲಿಗೆ... ಆದರೆ ನಡುವಿನ ದೊಡ್ಡ ತೇಪೆಗೆ ಮಾತ್ರ ಹೊಲಿಗೆಯೇ ಇಲ್ಲ. ಅಂಚಿನ ಸುತ್ತ ನಾಲ್ಕು ಬೆರಳಿಗೊಂದು ಕೆಂಪು ದಾರದ ಗಂಟು, ಅಷ್ಟೇ. ಟೀಚರ್ ಹತ್ತಿರ ಬಂದರೆ ಮುದುಕಿ ಅದರ ಮೇಲೆ ಸೆರಗು ಎಳೆಯುತ್ತಾಳೆ.

ಅವಳು ಬಚ್ಚಲಿಗೆ ಹೋದಾಗ ಟೀಚರ್ ಅವಳ ಚೀಲಕ್ಕೇ ಕೈ ಹಾಕಿದರು. ಸೂಜಿ, ದಾರದುಂಡೆ, ಒಣಗಿದ ಅರ್ಧ ರೊಟ್ಟಿ... ಮತ್ತೇನಿಲ್ಲ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. 'ಆಗಲೇ ಮಾರಿರಬೇಕು' ಅಂದುಕೊಂಡರು.

ಮೂರನೇ ದಿನ ಒಂದೇ ಮೂಲೆ ಉಳಿದಿತ್ತು. "ಒಂದ ಚೂರ ರೊಟ್ಟಿ ಕೊಡ್ರಿ ಅಕ್ಕಾರ... ಮೂಲ್ಯಾಗ ಇಟ್ಟು ಹೊಲೀತೀನಿ. ಕೌದಿ ಹಸಕೊಂಡು ಇರಬಾರದ್ರಿ."

"ಮೊದಲ ನಮ್ಮವ್ವನ ಸೀರಿ ಕೊಡು!"

ತುಳಜವ್ವ ಒಂದು ಕೆಂಪು ಗಂಟು ಕತ್ತರಿಸಿ, ಟೀಚರ್ ಕೈ ಹಿಡಿದು ತೇಪೆಯ ಒಳಗೆ ತೂರಿಸಿದಳು.

ಮೆತ್ತಗಿನ ಇಳಕಲ್... ಮಡಿಕೆ ಸಮೇತ, ಇಡೀ ಸೀರೆ! ಸೆರಗಿನ ತುದಿಗೆ ಪುಟ್ಟ ಗಂಟು. ಲವಂಗದ ವಾಸನೆ...

ಪಾಠ ಹೇಳಿ ಗಂಟಲು ಕಟ್ಟುವ ಮಗಳಿಗೆ ಅಂತ ಅವ್ವ ಸದಾ ಸೆರಗಿನಲ್ಲಿ ಲವಂಗ ಕಟ್ಟಿಕೊಂಡಿರುತ್ತಿದ್ದರು.

"ಯಾವ ತಾಯಿ ಯಾರಿಗಂತ ಕಟ್ಟಿದ್ಳೋ... ನಾ ಹ್ಯಾಂಗ ಕತ್ತರಿಸ್ಲಿ? ಹೊಲಿದ್ರ ಸೀರಿ ತುಂಬ ತೂತ ಬೀಳ್ತಾವ. ಅದಕ್ಕ ಸುತ್ತ ಗಂಟ ಹಾಕೀನ್ರಿ. ಇಪ್ಪತ್ತೊಂದ ಗಂಟ ಬಿಡಿಸಿದ್ರ ಹಂಗ ನಿಮ್ಮ ಕೈಗೆ ಬರತೈತಿ."

"ಹೇಳಬಾರದಿತ್ತೇನ?"

"ಕೇಳಬ್ಯಾಡ ಅಂದಿದ್ರಿ ಅಲ್ರಿ... ಕಂಡ್ರ ಕತ್ತರಿಸಂತೀರೇನೋ ಅಂತ ಹೆದರಿಕಿ."

ಟೀಚರ್ ಬಿಕ್ಕಿ ಬಿಕ್ಕಿ ಅತ್ತರು. "ನಿನ್ನ ಚೀಲ ಜಾಲಾಡೀನಿ ತುಳಜವ್ವ..."

"ಗೊತ್ತೈತ್ರಿ. ಸೂಜಿ ಜಾಗಾ ಬದಲಾಗಿತ್ತು."

ಗೊತ್ತಿದ್ದೂ... ಆಮೇಲೂ ಅಷ್ಟೇ ಅಕ್ಕರೆಯಿಂದ ಗಂಟು ಹಾಕಿದ್ದಳು!

ಒಣ ರೊಟ್ಟಿ ಕಣ್ಣಾರೆ ಕಂಡಿದ್ದರೂ ಒಮ್ಮೆಯೂ ಅವಳನ್ನು ಊಟಕ್ಕೆ ಕರೆದಿರಲಿಲ್ಲ... ಟೀಚರ್ ಒಳಗೆ ಓಡಿ ಬಿಸಿ ರೊಟ್ಟಿ ತಟ್ಟಿದರು. ಒಂದು ಚೂರು ಕೌದಿಗೆ... ಉಳಿದದ್ದು, ಪಲ್ಯದ ಜೊತೆ, ತುಳಜವ್ವನ ತಟ್ಟೆಗೆ.

ಕತ್ತರಿಸಿದ ಆ ಒಂದು ಗಂಟನ್ನು ಮಾತ್ರ ತಾವೇ ಕಲಿತು ಕಟ್ಟಿದರು.

ಸಂಶಯ ಅವಳ ಚೀಲ ಜಾಲಾಡುತ್ತಿದ್ದಾಗ, ಅವಳು ಅವ್ವನ ಗಂಟನ್ನೇ ಕಾಯುತ್ತಿದ್ದಳು.

ಕಳ್ಳರೆಂದು ನೀವು ಯಾರಿಗೆ ಕಾವಲು ಕೂತಿದ್ದೀರೋ ಅವರನ್ನು... ಇವತ್ತು ಊಟ ಆಯಿತಾ ಅಂತ ಒಮ್ಮೆಯಾದರೂ ಕೇಳಿದ್ದೀರಾ?