ಫೋವು ಎಂಬ ಹೆಸರು

"ಹೊಸ ಡಿಸ್ಕ್ ಕಾಣ್ತಾನೇ ಇಲ್ಲಕ್ಕಾ," ಎನ್ನುತ್ತಾ ಎಸೆತಾ ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಕೈಹಾಕಿ, ಹಳೆಯ ಡಿಸ್ಕಿನ ತಂತಿಯನ್ನೂ ಹೊಸದರ ತಂತಿಯನ್ನೂ ಕಿತ್ತು, ಅದಲುಬದಲು ಮಾಡಿ ಸಿಕ್ಕಿಸಿದಳು. ಹೊಸ ಸಿಸ್ಟಮ್ ಹಾಕಲು ಕೂತಾಗಿನಿಂದ ಪರದೆಯ ಪಟ್ಟಿಯಲ್ಲಿ ಒಂದು ಡಿಸ್ಕೂ ಕಾಣಿಸಿರಲಿಲ್ಲ.

"ಹಳೇದನ್ನ ಮಾತ್ರ ಕೆಡಿಸಬೇಡ ಕಣೇ," ಎಂದಳು ಅಕ್ಕ ಲೂಪೆ, ಕೋಕೋ ಬಗ್ಗಿಸುತ್ತಾ. ಹಳೆಯ ಡಿಸ್ಕಿನಲ್ಲಿ ತೀರಿಹೋದ ಅಪ್ಪನ ದನಿಯಿತ್ತು, ಹದಿಮೂರು ತಲೆಮಾರಿನ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸಿದ ದನಿ. ಸೋಮವಾರ ಜಮೀನಿನ ಕೋರ್ಟಿನಲ್ಲಿ ಹಕ್ಕಿನ ಸಾಕ್ಷಿಯಾಗಿ ಅದನ್ನು ಕೇಳಿಸಬೇಕಿತ್ತು.

"ಅಷ್ಟೂ ಗೊತ್ತಿಲ್ವಾ ನಂಗೆ? ನೋಡು, ಬಂತು! ಒಂದೇ ಇದೆ, ಹೆಸರೂ 'ಫೋವು' ಅಂತಿದೆ." ಅವರ ಸಮೋವಾ ಮಾತಿನಲ್ಲಿ ಫೋವು ಅಂದರೆ ಹೊಸದು. ಎಸೆತಾ ನಗುತ್ತಾ, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ 'ಫಾರ್ಮ್ಯಾಟ್' ಒತ್ತಿದಳು.

ಲೂಪೆ ಲೋಟ ಕೆಳಗಿಟ್ಟು ಪರದೆಯತ್ತ ಬಗ್ಗಿದಳು. "ಆ ಹೆಸರು ಇಟ್ಟವಳು ನಾನೇ ಕಣೇ, ಆರು ವರ್ಷದ ಹಿಂದೆ. ಆಗ ಅದು ಹೊಸದಾಗಿತ್ತು."

ಎಸೆತಾ ಸಡಿಲಾಗಿದ್ದ ಇನ್ನೊಂದು ತಂತಿಯನ್ನು ಒತ್ತಿ ಕೂರಿಸಿದಳು. ಪಟ್ಟಿಯಲ್ಲಿ ಎರಡನೆಯ ಡಿಸ್ಕ್ ಬಂತು. ಎರಡಕ್ಕೂ ಹೆಸರಿರಲಿಲ್ಲ. ಈಗ ಎರಡೂ ಹೊಸವೇ, ಎರಡೂ ಖಾಲಿ.