ಕಡಲಿನ ಪರ ಯಾರು?

ಏಳು ಮನೆಗಳಲ್ಲಿ ಕಡಲಿನ ಪರ ಇರುವವರು ಯಾರು? ಸಂಜೆ ಮತದಾನ. ಅಷ್ಟರೊಳಗೆ ತೆಕ್ಲಾಗೆ ಅದು ಗೊತ್ತಾಗಲೇಬೇಕಿತ್ತು.

ಸ್ಪೇನಿನ ಎಬ್ರೋ ನದಿಯ ಅಳಿವೆಯಲ್ಲಿ ಕಡಲಿಗೆ ತಾಗಿದ ಭತ್ತದ ಗದ್ದೆಗಳು ಆ ಏಳು ಮನೆಗಳವು. ಕಡಲು ವರ್ಷವರ್ಷವೂ ಏರುತ್ತಿದೆ, ಕಡಲ ಕಡೆಯ ಒಡ್ಡು ಒಡೆದು ಈ ಗದ್ದೆಸಾಲನ್ನು ನೀರಿಗೆ ಬಿಟ್ಟುಬಿಡಿ, ಜೌಗು ಬೆಳೆದರೆ ಅಲೆಯ ಹೊಡೆತ ಅಲ್ಲೇ ತಗ್ಗುತ್ತದೆ, ಹಿಂದಿನ ಊರು ಉಳಿಯುತ್ತದೆ ಎಂದಿದ್ದರು ಸರ್ಕಾರದವರು. ಹೆಚ್ಚಿನ ಮನೆಗಳು ಒಪ್ಪಬೇಕಿತ್ತು, ಅಷ್ಟೇ.

"ನಮ್ಮಜ್ಜ ಹೂಳು ಹೊತ್ತು ಮಾಡಿದ ನೆಲ. ಒಂದು ಹಿಡಿ ಮಣ್ಣೂ ಕೊಡಲ್ಲ!" ಎಂದು ತೆಕ್ಲಾ ಚರ್ಚಿನ ಮುಂದೆ ಕೂಗಿದ್ದಳು. ಉಳಿದ ಆರು ಮನೆಯವರೂ ಅವಳ ಕೈ ಮುಟ್ಟಿ ಆಣೆ ಮಾಡಿದ್ದರು.

ಆದರೆ ಪಕ್ಕದ ಗದ್ದೆಯ ಆಗುಸ್ತಿ, ಚಳಿಗಾಲದಲ್ಲಿ ಕೊಚ್ಚಿಹೋದ ಒಡ್ಡನ್ನು ಹಾಗೇ ಬಿಟ್ಟು ಹಾವುಮೀನಿನ ಬಲೆ ಹೆಣೆಯುತ್ತಿದ್ದ.

"ಯಾಕೋ, ಒಡ್ಡು ಕಟ್ಟಲ್ವಾ?"

"ಕಟ್ಟಿದ್ದನ್ನೇ ಕಟ್ಟೋಕೆ ನಾನೇನು ಗೆದ್ದಲಾ? ಅದಿರಲಿ, ನಿಂದು ಕಟ್ಟಿ ಆಯ್ತಾ?"

"ನನ್ನ ವಿಷಯ ಬಿಡು. ಆಣೆ ನೆನಪಿದೆ ತಾನೆ?"

"ಮರೆಯೋಕೆ ನೀನೆಲ್ಲಿ ಬಿಡ್ತೀಯ?" ಅವನು ಬಲೆಯಿಂದ ಕಣ್ಣೆತ್ತಲಿಲ್ಲ.

ಅದೇ ಸಾಲಿನ ಇನ್ನೊಂದು ಮನೆಯ ಸಿಂತಾಳ ಅಂಗಳದಲ್ಲಿ ಬಿತ್ತನೆ ಬೀಜದ ಮೂಟೆಗಳೇ ಇರಲಿಲ್ಲ.

"ಬಿತ್ತಲ್ವೇನೇ?"

"ಉಪ್ಪಲ್ಲಿ ಏನು ಬಿತ್ತಲಿ ತೆಕ್ಲಕ್ಕಾ? ಹೋದ ವರ್ಷ ನಿನ್ನ ಗದ್ದೇಲಾದ್ರೂ ಕಾಳು ಕಟ್ಟಿತ್ತಾ?"

"ಓಹೋ, ಆ ಕಡೆ ವಾಲಿದ್ಯಾ?"

"ಅಯ್ಯೋ, ಇಲ್ಲಪ್ಪ! ಕಡಲಿಗೆ ಹೆದರದೆ ಇರಬಹುದು, ನಿನ್ನ ಬಾಯಿಗೆ ಹೆದರದೆ ಈ ಊರಲ್ಲಿ ಬದುಕೋಕಾಗತ್ತಾ?"

ತೆಕ್ಲಾ ನಗುತ್ತಿದ್ದ ಅವಳ ಮುಖವನ್ನೇ ದಿಟ್ಟಿಸಿದಳು. ನಗು ಸುಳ್ಳೋ ಮಾತು ಸುಳ್ಳೋ ತಿಳಿಯಲಿಲ್ಲ.

ಸಂಜೆ ರೈತರ ಸಂಘದ ಕೋಣೆಯಲ್ಲಿ ಹಳೆಯ ಪದ್ಧತಿಯಂತೆ ಮನೆಗೊಂದು ಬಿಳಿ ಕಾಳು, ಒಂದು ಕರಿ ಕಾಳು ಹಂಚಿದರು. ಒಡ್ಡು ಒಡೆಯಲು ಒಪ್ಪಿದರೆ ಬಿಳಿ, ಒಲ್ಲೆನೆಂದರೆ ಕರಿ. ಪರದೆಯ ಹಿಂದೆ ಹೋಗಿ ಒಂದನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಕಿಟಕಿಯಾಚೆಯ ಕಾಲುವೆಗೆ ಎಸೆಯಬೇಕು.

ಮೊದಲು ತೆಕ್ಲಾ ಹೋದಳು. ಬರುವುದು ತುಸು ತಡವಾಯಿತು. ಆಮೇಲೆ ಬಾಗಿಲಲ್ಲೇ ನಿಂತು, ಒಬ್ಬೊಬ್ಬರೂ ಹೊರಬರುವಾಗ ಅವರ ಕಣ್ಣನ್ನೇ ನೋಡಿದಳು. ಆಗುಸ್ತಿ ಬೆವರಿದ್ದ. ಸಿಂತಾ ಶಿಲುಬೆಯ ಗುರುತು ಮಾಡಿಕೊಂಡಳು. ಯಾರೂ ಯಾರ ಕಣ್ಣಿಗೂ ಕಣ್ಣು ಕೊಡಲಿಲ್ಲ.

ಸಂಘದ ಗುಮಾಸ್ತ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಮತ್ತೆ ತಲೆಕೆಳಗು ಮಾಡಿ, ತಳವನ್ನು ತಟ್ಟಿ ನೋಡಿದ.

ಬಿದ್ದಿದ್ದು ಏಳು ಕಾಳು. ಏಳೂ ಬಿಳಿ.