ಕಲಿಸಿದವರ ಹೆಸರು

"ಯಾರ ಕಲಿಸಿದ್ರ ನಿನಗ?"

ಭರಮು ಹೊರಸಿನ ಮೇಲೆ ಎದ್ದು ಕುಳಿತಿದ್ದ; ಬೆನ್ನಿನ ಬೆವರು ಇನ್ನೂ ಆರಿರಲಿಲ್ಲ. ಅವನ ತಾಯಿ ಹರಕೆಗೆಂದು ಕೊಕಟನೂರಿಗೆ ಹೋಗಿದ್ದ ಆ ಮಧ್ಯಾಹ್ನ, ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಸುಂದ್ರವ್ವ ಗಂಡನ ಕೈಯನ್ನು ತಡೆದು ತನಗೆ ಬೇಕಾದಲ್ಲಿಗೆ ಒಯ್ದು ಇಟ್ಟಿದ್ದಳು. ಅವಸರ ಬೇಡವೆಂದಿದ್ದಳು. ಆಮೇಲೆ ಅವಳಿಂದ ಹೊರಟ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಕೇಳಿದಾಗ ಹಿಗ್ಗಿದ, ಮರುಕ್ಷಣವೇ ಎದೆಯಲ್ಲಿ ಕಿಚ್ಚು ಹೊತ್ತಿತು.

"ಯಾರೂ ಕಲಿಸಿಲ್ಲರಿ" ಎಂದು ಸುಂದ್ರವ್ವ ಬೀಡಿ ಕಟ್ಟುವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮೂರು ದಿನ ಭರಮುವಿಗೆ ಊಟ ರುಚಿಸಲಿಲ್ಲ. ಕಲಿಸಿದ ಆ ಗಂಡಸು ಯಾರೆಂದು ತಿಳಿದ ದಿನವೇ ಇವಳನ್ನು ಪಾಲಬಾವಿಯ ತವರಿಗೆ ಬಿಟ್ಟುಬರುವುದೆಂದು ನಿಶ್ಚಯಿಸಿದ. ನಾಲ್ಕನೆಯ ದಿನ ಸುಳಿವು ಸಿಕ್ಕಿತು. ನಿಪ್ಪಾಣಿಯ ಕಾರ್ಖಾನೆಯಲ್ಲಿ ಚೆಕ್ಕರ್ ಜ್ಞಾನದೇವ ಪ್ರತಿ ಹೆಂಗಸಿನ ಬುಟ್ಟಿಯಿಂದಲೂ ಎರಡು ಹಿಡಿ ಬೀಡಿ ಕೆಟ್ಟವೆಂದು ತೆಗೆದೆಸೆಯುವುದು ವಾಡಿಕೆ. ಅಂದು ತನ್ನ ಬುಟ್ಟಿಯಿಂದ ಒಂದನ್ನೂ ತೆಗೆಯಲಿಲ್ಲವೆಂದು ಸುಂದ್ರವ್ವ ನಗುತ್ತ ಹೇಳಿದಳು. ಇಪ್ಪತ್ತೆಂಟರ, ತೆಳುಮೀಸೆಯ ಯುವಕನಿಗೆ ಇಷ್ಟೊಂದು ದಯೆ ಎಲ್ಲಿಂದ ಬಂತು?

ಮರುದಿನ ಭರಮು ಬುಟ್ಟಿಯನ್ನು ತಾನೇ ಒಯ್ದು, ಹೆಂಗಸರ ಸಾಲಿನಲ್ಲಿ ನಿಂತ. ಸುಂದ್ರವ್ವನ ಬೀಡಿ ಎಂದಾಗ ಜ್ಞಾನದೇವ ತಲೆ ಎತ್ತಲಿಲ್ಲ.

"ಯಾವ ಸುಂದ್ರವ್ವ? ಹದಿನಾರ ಮಂದಿ ಅದಾರ ಇಲ್ಲೆ."

"ನಿನ್ನಿ ಒಂದೂ ತಗೀಲಿಲ್ಲಂತಲ್ಲ?"

"ನಿನ್ನಿ ನಾ ಎಲ್ಲಿದ್ದೆ? ಜ್ವರ ಬಂದು ಮಲಗಿದ್ದೆ. ನನ್ನ ಬದಲಿ ನಮ್ಮ ಕಾಕಾ ಕುಂತಿದ್ರು. ಅವರಿಗೆ ಬೀಡಿ ಯಾವುದು, ಬೆರಳ ಯಾವುದು, ಕಾಣೂದಿಲ್ಲ."

ಸಾಲಿನ ಹೆಂಗಸರು ನಕ್ಕರು. ಜ್ಞಾನದೇವ ಎರಡು ಹಿಡಿ ತೆಗೆದೆಸೆದು ಬುಟ್ಟಿಯನ್ನು ದೂಡಿದ.

ಮನೆಯ ಹೊಸ್ತಿಲಲ್ಲಿ ನಿಂತ ಗಂಡನ ಮುಖ ನೋಡಿಯೇ ಸುಂದ್ರವ್ವನಿಗೆ ಎಲ್ಲವೂ ತಿಳಿಯಿತು. ಅವನ ದನಿ ಇಳಿದಿತ್ತು.

"ಬಡಿಯೂದಿಲ್ಲ. ಹೆಸರ ಅಷ್ಟ ಹೇಳು."

ಅವಳು ದಾರದುಂಡೆಯನ್ನು ಕೆಳಗಿಟ್ಟಳು. "ಎರಡ ವರ್ಷ ಆತರಿ. ಬಚ್ಚಲದಾಗ ಮೈ ತೊಳಕೊಳ್ಳುವಾಗ ಒಂದಿನ ತಾನ ತಿಳೀತು. ಆಮ್ಯಾಲೆ ನಾನ ಹುಡುಕಿ ಹುಡುಕಿ ತಿಳಕೊಂಡೆ. ನನ್ನ ಮೈ ನನ್ನ ಹತ್ರಾನ ಇತ್ತಲ್ಲ, ಯಾರನ್ನ ಕೇಳಲಿ?"

ಅವಳು ಸುಳ್ಳು ಹೇಳುವವಳಲ್ಲವೆಂದು ಭರಮುವಿಗೆ ಗೊತ್ತಿತ್ತು. ಕಿಚ್ಚು ಆರಬೇಕಿತ್ತು, ಆರಲಿಲ್ಲ. ಹೊಸ್ತಿಲ ಮೇಲೆ ಕುಳಿತು ಕೇಳಿದ:

"ಆವಾಗ... ನನ್ನ ನೆನಪ ಬರತಿತ್ತೇನು?"

ಸುಂದ್ರವ್ವ ಪ್ರಾಮಾಣಿಕವಾಗಿ ಯೋಚಿಸಿದಳು.

"ಇಲ್ಲರಿ" ಎಂದು, ಮುಂದಿನ ಎಲೆಗೆ ಕತ್ತರಿ ಹಾಕಿದಳು.